ಗೋಡೆಗೆ ತಕ್ಕ ರೋಲರ್

ದೀಪಾವಳಿ, ಯುಗಾದಿಗಳು ಸಮೀಪಿಸಿದಾಗ, ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಮೊದಲು ಕಣ್ಣಿಗೆ ಬೀಳುವುದು ಗೋಡೆಗಳ ಮಾಸಿದ ಬಣ್ಣ. ಹಿಂದೆ ಸುಣ್ಣ ಬಳಿಯುವುದು ಮನೆಮಂದಿಯೆಲ್ಲ ಕೂಡಿ ಮಾಡುವ ಕೆಲಸವಾಗಿತ್ತು. ಡಿಸ್ಟೆಂಪರ್, ಎಮಲ್ಷನ್‌ಗಳು ಬಂದ ಮೇಲೆ ಅದು ಬಹುಮಟ್ಟಿಗೆ ಪೇಂಟರುಗಳ ಪಾಲಾಯಿತು. ಆದರೆ ರೋಲರ್ ಎಂಬ ಸರಳ ಸಾಧನವಿದ್ದರೆ ಒಂದು ಕೋಣೆಯ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ಅದಕ್ಕೆ ಮುನ್ನ ಅರಿತಿರಬೇಕಾದ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ರೋಲರ್ ಬಣ್ಣವನ್ನು ಹರಡುತ್ತದೆಯೇ ಹೊರತು ಗೋಡೆಯ ದೋಷವನ್ನು ಮುಚ್ಚುವುದಿಲ್ಲ. ತೇವವೇರಿದ ಗೋಡೆಗೆ ಎಷ್ಟೇ ಬೆಲೆಯ ಬಣ್ಣ ಬಳಿದರೂ ಅದು ಹಪ್ಪಳದಂತೆ ಉಬ್ಬಿ ಏಳುತ್ತದೆ. ಆದುದರಿಂದ ಮೊದಲು ಸೋರಿಕೆಯನ್ನು ನಿಲ್ಲಿಸಿ, ಗೋಡೆಯನ್ನು ಚೆನ್ನಾಗಿ ಒಣಗಿಸಬೇಕು. ಕೈಗೆ ಹತ್ತುವ ಹಳೆಯ ಸುಣ್ಣವನ್ನು ಕೆರೆದು ತೆಗೆದು, ಬಿರುಕುಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಹಚ್ಚಿದ ಮೇಲೆಯೇ ಬಣ್ಣದ ಮಾತು.

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ಹಳೆಯ ಮನೆಗಳ ಬಾಗಿಲು, ಕಿಟಕಿ, ಗೋಡೆಗಳ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವ ಉಂಟು. ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ಕೇಂದ್ರ ಸರ್ಕಾರದ 2016ರ ನಿಯಮವು ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಏಳುವ ಧೂಳು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಅಂತಹ ಮೇಲ್ಮೈಯನ್ನು ನೀರಿನಿಂದ ನೆನೆಸಿ ಎಮರಿ ಕಾಗದದಿಂದ ಉಜ್ಜಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ದೂರವಿರಿಸಬೇಕು. ಧೂಳನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಕೆಲಸಕ್ಕೆ ಕೂಲಿಯವರು ಬಂದಿದ್ದರೆ ಅವರಿಗೂ ಒಳ್ಳೆಯ ಮಾಸ್ಕ್ ಒದಗಿಸುವುದು ಮನೆಯೊಡೆಯರ ಹೊಣೆ.

ಇನ್ನು ರೋಲರಿನ ಆಯ್ಕೆ. ಅದರ ಮೇಲಿನ ತುಪ್ಪಳದ ಉದ್ದವನ್ನು ಗೋಡೆಯ ನಯಕ್ಕೆ ಹೊಂದಿಸಿ ಕೊಳ್ಳಬೇಕು. ಪುಟ್ಟಿ ಹಚ್ಚಿ ನುಣುಪಾದ ಗೋಡೆಗೆ 6ರಿಂದ 10 ಮಿಲಿಮೀಟರ್, ಸಾಧಾರಣ ಗಾರೆಯ ಗೋಡೆಗೆ 12 ಮಿಲಿಮೀಟರ್, ಒರಟಾದ ಹೊರಗೋಡೆಗೆ 18 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಉದ್ದದ ತುಪ್ಪಳ ಸೂಕ್ತ. ಗೋಡೆಗೆ 9 ಇಂಚಿನ ರೋಲರ್ ಅನುಕೂಲ; ಬಾಗಿಲಿನ ಎನಾಮೆಲ್‌ಗೆ 4 ಇಂಚಿನ ಸ್ಪಂಜಿನದು ಸಾಕು. ತೀರ ಅಗ್ಗದ ರೋಲರ್ ಎಳೆ ಉದುರಿಸಿ ಗೋಡೆಯನ್ನು ಕೆಡಿಸುತ್ತದೆ. ಸುಣ್ಣಕ್ಕೆ ಮಾತ್ರ ಇಂದಿಗೂ ಬ್ರಷ್ಷೇ ಲೇಸು.

ಬಳಿಯುವ ಕ್ರಮವೂ ಮುಖ್ಯ. ಮೊದಲು ಮೇಲ್ಛಾವಣಿ, ಅನಂತರ ಗೋಡೆ. ಮೂಲೆ, ಅಂಚುಗಳಿಗೆ 2 ಇಂಚಿನ ಬ್ರಷ್ಷಿನಿಂದ ಬಣ್ಣ ಹಚ್ಚಿ, ಅದು ಹಸಿಯಿರುವಾಗಲೇ ರೋಲರ್ ಓಡಿಸಬೇಕು. ರೋಲರನ್ನು ಬಣ್ಣದಲ್ಲಿ ಪೂರ್ತಿ ಮುಳುಗಿಸದೆ, ಟ್ರೇಯ ಇಳಿಜಾರಿನಲ್ಲಿ ಉರುಳಿಸಿ ಹೆಚ್ಚಿನದನ್ನು ಹಿಂಡಬೇಕು. ಸುಮಾರು ಮೂರು ಅಡಿ ಅಗಲದ ಭಾಗದಲ್ಲಿ ಓರೆಯಾಗಿ ಹರಡಿ, ಕಡೆಗೆ ಮೇಲಿನಿಂದ ಕೆಳಕ್ಕೆ ಹಗುರಾಗಿ ಎಳೆದರೆ ಗೆರೆ ಉಳಿಯದು. ಒತ್ತಿ ಎಳೆಯುವುದರಿಂದ ಬಣ್ಣ ಉಳಿಯುವುದಿಲ್ಲ; ಪಟ್ಟೆಗಳು ಮೂಡುತ್ತವೆ, ಅಷ್ಟೆ. ದಪ್ಪವಾದ ಒಂದು ಕೋಟಿಗಿಂತ ತೆಳುವಾದ ಎರಡು ಕೋಟು ಮೇಲು. ನಡುವಿನ ಅಂತರ ಎಷ್ಟೆಂಬುದು ಡಬ್ಬದ ಮೇಲೆಯೇ ಇರುತ್ತದೆ.

ಬಣ್ಣದ ಪ್ರಮಾಣವನ್ನೂ ಮೊದಲೇ ಲೆಕ್ಕ ಹಾಕಬೇಕು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು ಕೂಡಿ 440 ಚದರ ಅಡಿ. ಅದರಲ್ಲಿ ಬಾಗಿಲು, ಕಿಟಕಿಗಳನ್ನು ಕಳೆದು, ಡಬ್ಬದ ಮೇಲೆ ಲೀಟರಿಗೆ ಬರೆದಿರುವ ವ್ಯಾಪ್ತಿಯಿಂದ ಭಾಗಿಸಿದರೆ ಅಂಗಡಿಯವರ ಅಂದಾಜನ್ನು ನೆಚ್ಚಬೇಕಾಗಿಲ್ಲ.

ಕೆಲಸ ಮುಗಿದೊಡನೆ ರೋಲರನ್ನು ಸಾಬೂನು ನೀರಿನಲ್ಲಿ ತೊಳೆದು ನೇತುಹಾಕಿದರೆ ಮುಂದಿನ ಹಬ್ಬಕ್ಕೂ ಒದಗುತ್ತದೆ. ಎನಾಮೆಲ್ ಬಳಸಿದ್ದರೆ ಟರ್ಪೆಂಟೈನ್ ಬೇಕು. ಗೋಡೆಯ ಅಂದ ಕೆಲವು ವರ್ಷಗಳದು, ಮಕ್ಕಳ ಆರೋಗ್ಯ ಬಾಳಿನುದ್ದಕ್ಕೂ ಬೇಕಾದುದು. ಬಣ್ಣ ಆರಿಸುವ ಮುನ್ನ ಗೋಡೆಯನ್ನೊಮ್ಮೆ ಪರೀಕ್ಷಿಸಿರೆಂಬುದೇ ನಮ್ಮ ವಿನಂತಿ.