ಪ್ಲಾಸ್ಟರ್ ಹಾಕೋವಾಗ ತಾಯಿನ ಯಾಕೆ ಹೊರಗೆ ಕಳಿಸ್ತೀರಿ?

ಉಳ್ಳಾರ್ತಿ ಕಾವಲ್ ಸುತ್ತಲ ಹಳ್ಳಿಯಿಂದ ಚಳ್ಳಕೆರೆ ಬಸ್ಸು ಹತ್ತುವ ಬಾಣಂತಿಯ ಮಡಿಲಲ್ಲಿ, ತೊಡೆವರೆಗೂ ಪ್ಲಾಸ್ಟರ್ ಮೆತ್ತಿದ ಕೂಸು ಕಂಡರೆ ಪಕ್ಕದ ಸೀಟಿನವರ ಮೊದಲ ಪ್ರಶ್ನೆ: “ಗ್ರಹಣ ಹಿಡಿದಿತ್ತೇನವ್ವಾ?” ಗ್ರಹಣಕ್ಕೂ ಸೊಟ್ಟ ಪಾದಕ್ಕೂ ಯಾವ ಸಂಬಂಧವೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಪ್ಲಾಸ್ಟರ್ ಹಾಕುವಾಗ ಕೂಸು ಎಷ್ಟು ಅತ್ತಿತು? ಆಗ ತಾಯಿ ಎಲ್ಲಿದ್ದಳು?

ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡ ಪಾದವನ್ನು ವಾರವಾರವೂ ಮೆಲ್ಲಗೆ ತಿರುಗಿಸಿ ಹೊಸ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಸಲ. ಇದು ಅಮೆರಿಕದ ಅಯೋವಾದಲ್ಲಿದ್ದ ಡಾ. ಪೊನ್ಸೆಟಿ ರೂಪಿಸಿದ ಕ್ರಮ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ತೊಂದರೆ ಸೇರಿದೆ, ಚಿಕಿತ್ಸೆಗೆ ಕಾಸಿಲ್ಲ. ಹೋದ ಕೂಲಿ ಮಾತ್ರ ಅವರವರ ಪಾಡು.

ಆದರೆ ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ “ನೀ ಹೊರಗಿರಮ್ಮ, ಅಳೋದು ನೋಡೋಕಾಗಲ್ಲ ನಿಂಗೆ” ಎನ್ನುವ ರೂಢಿ ಇನ್ನೂ ಹೋಗಿಲ್ಲ. ಎಳೆಗೂಸಿಗೆ ನೋವೇ ಗೊತ್ತಾಗದು ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಭಾರತ ಮೂಲದ ಡಾ. ಕೆ.ಜೆ.ಎಸ್. ಆನಂದ್ ಆಕ್ಸ್‌ಫರ್ಡಿನಲ್ಲಿ ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಗಿ ಆ ನಂಬಿಕೆಯ ಬುಡ ಅಲ್ಲಾಡಿಸಿತು.

ಈ ನೋವು ತಗ್ಗಿಸಲು ಔಷಧಿ ಅಂಗಡಿಗೆ ಓಡಬೇಕಿಲ್ಲ. ಮೊಲೆಹಾಲಿದೆ. ಹಾಲು ಚೀಪುತ್ತಿರುವ ಕೂಸು ಕಾಲು ಸಡಿಲ ಬಿಡುತ್ತದೆ. ಒದೆಯುವ ಕಾಲಿಗೆ ಪ್ಲಾಸ್ಟರ್ ನೆಟ್ಟಗೆ ಕೂರದು. ಹಾಗಾಗಿ ತಾಯಿ ಒಳಗಿದ್ದರೆ ಡಾಕ್ಟರಿಗೇ ಲಾಭ. ಬಸ್ಸಿಳಿದ ಕೂಡಲೇ ಹೊಟ್ಟೆ ತುಂಬ ಕುಡಿಸಿಬಿಟ್ಟರೆ ಕೂಸು ಒಳಗೆ ಬಾಯಿ ಹಾಕದು. ಕೊಂಚ ಹಸಿವು ಉಳಿಸಿಕೊಂಡೇ ಹೋಗಬೇಕು. ಸಕ್ಕರೆ ನೀರೂ ನೋವು ತಗ್ಗಿಸುತ್ತದೆಂದು ಇದೇ ಪ್ಲಾಸ್ಟರ್ ಹಾಕುವಾಗ ಅಮೆರಿಕದಲ್ಲಿ ನಡೆಸಿದ ಪರೀಕ್ಷೆ ತೋರಿಸಿದೆ. ಅದನ್ನು ಆಸ್ಪತ್ರೆಯವರೇ ಕೊಡಲಿ. ಅಜ್ಜಿ ಮನೆಯಲ್ಲಿ ಜೇನು ನೆಕ್ಕಿಸುವುದು ಖಂಡಿತ ಬೇಡ, ವರ್ಷದೊಳಗಿನ ಕೂಸಿಗೆ ಅದು ಅಪಾಯ. ಹಿಮ್ಮಡಿಯ ಹುರಿ ಕತ್ತರಿಸುವ ದಿನ ಮಾತ್ರ ಹಾಲು ಸಾಲದು. ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು.

ಕೇಳುತ್ತಿರುವುದೇನು? ಕೋಣೆಯೊಳಗೆ ಒಂದು ಕುರ್ಚಿ, ಮರೆಗೊಂದು ಪರದೆ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ ಕೊಟ್ಟ ತಾಲ್ಲೂಕಿನ ತಾಯಿಗೆ ಒಂದು ಕುರ್ಚಿಯಷ್ಟು ಜಾಗ ಹುಟ್ಟದೇ? ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಒಂದೇ ಸಭೆಯಲ್ಲಿ ತೀರ್ಮಾನಿಸುವ ಕೆಲಸವಿದು. ದುಡ್ಡಿಲ್ಲ ಅಂದರೆ, ಒಂದು ಕುರ್ಚಿ ಕೊಡಲಾರದಷ್ಟು ಬಡವರೇನೂ ಅಲ್ಲ ಬಸ್ ಸ್ಟ್ಯಾಂಡಿನ ಅಂಗಡಿಯವರು.