ಪುಸ್ತಕ ಇದೆಯೋ ಇಲ್ಲವೋ, ಕಂಪ್ಯೂಟರಿಗೂ ಗೊತ್ತಿಲ್ಲ!

ಪೇಟೆ ಬೀದಿಯ ಯಾವ ಕಿರಾಣಿ ಅಂಗಡಿಯವರನ್ನಾದರೂ ಕೇಳಿ ನೋಡಿ. ತೊಗರಿಬೇಳೆ ಎಷ್ಟು ಮೂಟೆ ಉಳಿದಿದೆ, ಯಾರ ಲೆಕ್ಕದಲ್ಲಿ ಎಷ್ಟು ಬಾಕಿ ಇದೆ, ಬಾಯಲ್ಲೇ ಹೇಳುತ್ತಾರೆ. ಅದೇ ಡಿಗ್ರಿ ಕಾಲೇಜಿನ ಲೈಬ್ರರಿಗೆ ಹೋಗಿ ಒಂದು ಪುಸ್ತಕ ಕೇಳಿ. "ಇರಬೇಕು... ಹುಡುಕಬೇಕು... ನಾಳೆ ಬಾ." ನಾಳೆ ಅಂದರೆ ಹಳ್ಳಿಯ ಹುಡುಗನಿಗೆ ಇನ್ನೊಂದು ದಿನದ ಬಸ್ಸು. ಹುಡುಗಿಯರಿಗೆ 2023ರಿಂದ ಸರ್ಕಾರಿ ಬಸ್ಸು ಪುಕ್ಕಟೆ, ಸರಿ. ಹೊತ್ತು ಪುಕ್ಕಟೆಯೇ ಸ್ವಾಮೀ?

ಹಾಗಂತ ಲೈಬ್ರರಿಯಲ್ಲಿ ಕಂಪ್ಯೂಟರ್ ಇಲ್ಲ ಅಂತಲ್ಲ. ಇದೆ. ಹಲವು ಕಡೆ ಅದು ಬಂದದ್ದು ಹುಡುಗರಿಗಾಗಿ ಅಲ್ಲ, ನ್ಯಾಕ್ ತಂಡಕ್ಕಾಗಿ. ಲೈಬ್ರರಿ ಸಾಫ್ಟ್‌ವೇರಿನ ಹೆಸರೇನು, ಯಾವ ಆವೃತ್ತಿ, ಯಾವ ವರ್ಷ ಹಾಕಿದಿರಿ, ಪೂರ್ತಿಯೋ ಅರ್ಧವೋ ಅಂತ ನ್ಯಾಕ್ ನಮೂನೆಯಲ್ಲಿ ಖಾನೆಗಳಿದ್ದವು. ಖಾನೆ ತುಂಬಿದರು, ತಂಡ ಊಟ ಮಾಡಿ ಹೊರಟಿತು, ಕಂಪ್ಯೂಟರಿಗೆ ಬಟ್ಟೆ ಹೊದಿಸಿದರು. ಪುಸ್ತಕದ ವಿವರ ಒಂದೊಂದಾಗಿ ತುಂಬಬೇಕಾದ ಕೆಲಸ ಅರ್ಧಕ್ಕೇ ನಿಂತಿತು.

ದುಡ್ಡಿಲ್ಲ ಅನ್ನುವ ಮಾತು ಇಲ್ಲಿ ನಡೆಯದು. ನ್ಯೂಜಿಲೆಂಡಿನ ಹೊರೊವೆನುವಾ ಅನ್ನುವ ಕಡೆ ಒಂದು ಸಣ್ಣ ಲೈಬ್ರರಿ ಸಂಸ್ಥೆಯ ಹಳೇ ಸಾಫ್ಟ್‌ವೇರು 2000ನೇ ಇಸವಿ ದಾಟುವಂತಿರಲಿಲ್ಲ. ಹೊಸದನ್ನು ಬರೆಸಿ 2000ದ ಜನವರಿಯಲ್ಲಿ ಚಾಲೂ ಮಾಡಿದರು, ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟರು. ಅದೇ ಕೋಹಾ. ಮಾವೊರಿ ಮಾತಿನಲ್ಲಿ ಉಡುಗೊರೆ ಅಂತ ಅರ್ಥ. ನಮ್ಮ ದೇಶದಲ್ಲೇ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ 'ಸೋಲ್' ತಯಾರಿಸಿದೆ. ಹೆಸರು ಕೇಳಿ ಸೋಲು ಅಂದುಕೊಳ್ಳಬೇಡಿ. 2021ರಲ್ಲಿ ಮೂರನೇ ಆವೃತ್ತಿಯೂ ಬಂತು. ಎನ್‌ಐಸಿಯ ಇ-ಗ್ರಂಥಾಲಯವೂ ಇದೆ. ಸಾಫ್ಟ್‌ವೇರು ಸಿಗುತ್ತದೆ, ಕೂತು ತುಂಬುವ ಕೈ ಇಲ್ಲ. ಲೈಬ್ರರಿಯನ್ ಹುದ್ದೆ ಖಾಲಿ ಇಟ್ಟು ಕಂಪ್ಯೂಟರ್ ತಂದರೆ ಅದು ತಾನೇ ಕೆಲಸ ಮಾಡುತ್ತದೆಯೇ?

ತುಂಬಿದ ಕಡೆಯಾದರೂ ನೋಡೋಣ. ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿರುತ್ತಾರೆ. ಹುಡುಗಿ 'ಮಲೆಗಳಲ್ಲಿ ಮದುಮಗಳು' ಅಂತ ಕನ್ನಡದಲ್ಲಿ ಟೈಪ್ ಮಾಡಿದರೆ 'ಇಲ್ಲ' ಅನ್ನುತ್ತದೆ ಯಂತ್ರ. ಪುಸ್ತಕ ಮಾತ್ರ ಎರಡು ಮಾರು ದೂರದ ಬೀರುವಿನಲ್ಲೇ ಕೂತಿರುತ್ತದೆ! ಕೆಲವರು ಹಳೇ ಫಾಂಟಿನಲ್ಲಿ ಕನ್ನಡವನ್ನೇ ಹೊಡೆದಿದ್ದಾರೆ. ಅದು ಯೂನಿಕೋಡ್ ಅಲ್ಲವಾದ್ದರಿಂದ ಬೇರೆ ಯಂತ್ರದಲ್ಲಿ ಚಿತ್ರವಿಚಿತ್ರ ಗೀಟುಗಳಾಗಿ ಕಾಣುತ್ತದೆ. ಇನ್ನು ಲೇಖಕರ ಹೆಸರು. ಒಂದು ಪುಸ್ತಕಕ್ಕೆ ಕುವೆಂಪು, ಇನ್ನೊಂದಕ್ಕೆ ಕೆ.ವಿ. ಪುಟ್ಟಪ್ಪ, ಮತ್ತೊಂದಕ್ಕೆ ಪುಟ್ಟಪ್ಪ ಕೆ.ವಿ. ಒಬ್ಬರೇ ಮನುಷ್ಯರು ಮೂವರಾದರು. ಇದನ್ನು ಸರಿಪಡಿಸುವ ಅನುಕೂಲ ಸಾಫ್ಟ್‌ವೇರಿನಲ್ಲೇ ಇದೆ. ಆದರೆ ಅವರೆಲ್ಲ ಒಬ್ಬರೇ ಅಂತ ಅದಕ್ಕೆ ತಿಳಿಸಲು ಕನ್ನಡ ಬಲ್ಲವರು ಕೂರಬೇಕು, ದಿನಗೂಲಿಯ ಆಪರೇಟರು ಒಂದು ವಾರದಲ್ಲಿ ಮುಗಿಸುವ ಬಾಬತ್ತಲ್ಲ.

ಖಾಸಗಿ ಕಂಪನಿಯಿಂದ ಕೊಂಡವರ ಪಾಡು ಇನ್ನೊಂದು ಬಗೆ. ವರ್ಷದ ನಿರ್ವಹಣಾ ಹಣ ಕಟ್ಟುವುದು ನಿಂತ ದಿನ ತುಂಬಿದ ಮಾಹಿತಿಯೂ ಒಳಗೇ ಸಿಕ್ಕಿಬೀಳಬಹುದು. ಲೈಬ್ರರಿಗಳ ನಡುವೆ ಪುಸ್ತಕದ ವಿವರ ದಾಟಿಸಲು ಮಾರ್ಕ್ ಅನ್ನುವ ನಮೂನೆ 1960ರ ದಶಕದಿಂದಲೇ ಇದೆ. ಆ ನಮೂನೆಯಲ್ಲಿ ಎಲ್ಲವನ್ನೂ ವಾಪಸ್ ಕೊಡುತ್ತೇವೆ ಅಂತ ಮೊದಲೇ ಬರೆಸಿಕೊಳ್ಳಬೇಕು. ಮಳಿಗೆ ಬಾಡಿಗೆಗೆ ಹಿಡಿಯುವವರು ಕರಾರು ಪತ್ರ ಓದದೆ ಸಹಿ ಹಾಕುತ್ತಾರೆಯೇ?

ಕಾಗದದ ಪುಸ್ತಕದ್ದು ಈ ಕಥೆ. ಕಾಣದ ಪುಸ್ತಕದ್ದು ಕೇಳಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದವು. ಅಂಗಡಿಯವರು ಕಟ್ಟಿದ ತೆರಿಗೆಯೂ ಅದರಲ್ಲಿದೆ. ಆದರೆ ಕಾಲೇಜಿನ ಕ್ಯಾಟಲಾಗಿನಲ್ಲಿ ಹುಡುಕಿದರೆ ಇವುಗಳ ಸುಳಿವೇ ಸಿಗದಿದ್ದರೆ, ಅವು ಇವೆ ಅಂತ ಹುಡುಗರಿಗೆ ಹೇಳುವವರ್ಯಾರು? ಬೀರುವಿನ ಪುಸ್ತಕ, ಇಂಟರ್‌ನೆಟ್ಟಿನ ಪತ್ರಿಕೆ ಎರಡೂ ಒಂದೇ ಹುಡುಕಾಟದಲ್ಲಿ ಬರಬೇಕು. ಅದೂ ಹುಡುಗನ ಮೊಬೈಲಿನಲ್ಲೇ, ಅವನು ಬಸ್ಸು ಹತ್ತುವ ಮೊದಲೇ. ಇದು ಆಗದ ಕೆಲಸವೇನಲ್ಲ, ಆಗಿರುವ ಕಾಲೇಜುಗಳಿವೆ.

ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಸುಣ್ಣಬಣ್ಣದ ಬಿಲ್ಲಿಗೆ ಸಹಿ ಹಾಕುವ ಮೊದಲು ಅವರು ಲೈಬ್ರರಿಗೆ ಐದು ನಿಮಿಷ ಬರಲಿ. ಕಂಪ್ಯೂಟರಿನ ಬಟ್ಟೆ ತೆಗೆಸಿ, ಕನ್ನಡದಲ್ಲಿ 'ಕುವೆಂಪು' ಅಂತ ಟೈಪ್ ಮಾಡಿಸಿ ನೋಡಲಿ.