ಮತದ ತಕ್ಕಡಿಯಲ್ಲಿ ಹಾಡು

ಅಮೆರಿಕದಲ್ಲಿ 2003ರಿಂದ 2008ರವರೆಗೆ 'ನ್ಯಾಶ್‌ವಿಲ್ ಸ್ಟಾರ್' ಎಂಬ ಟಿ.ವಿ. ಸ್ಪರ್ಧೆ ನಡೆಯಿತು. ಅಲ್ಲಿನ ಕಂಟ್ರಿ ಸಂಗೀತದ ಗಾಯಕರ ಭವಿಷ್ಯವನ್ನು ವೀಕ್ಷಕರ ಮತಕ್ಕೆ ಒಪ್ಪಿಸಲಾಗಿತ್ತು. 2003ರಲ್ಲಿ ಮಿರಾಂಡಾ ಲ್ಯಾಂಬರ್ಟ್‌ಗೆ ಸಿಕ್ಕಿದ್ದು ಮೂರನೆಯ ಸ್ಥಾನ; 2007ರಲ್ಲಿ ಕೇಸಿ ಮಸ್‌ಗ್ರೇವ್ಸ್‌ಗೆ ಏಳನೆಯದು. ಅದೇ ಮಸ್‌ಗ್ರೇವ್ಸ್ 2019ರಲ್ಲಿ ವರ್ಷದ ಆಲ್ಬಂಗೆ ಸಲ್ಲುವ ಗ್ರ್ಯಾಮಿ ಪ್ರಶಸ್ತಿ ಪಡೆದರು. ಲ್ಯಾಂಬರ್ಟ್ ಕೂಡಾ ಆ ಸಂಗೀತದ ಅಗ್ರ ಗಾಯಕಿಯಾದರು.

ಹಾಗಾದರೆ ಮತಗಳು ಅಳೆದದ್ದೇನನ್ನು? ಆ ರಾತ್ರಿಯ ಮೆಚ್ಚುಗೆಯನ್ನೇ ಹೊರತು ಪ್ರತಿಭೆಯನ್ನಲ್ಲ. ನಮ್ಮ ವಾಹಿನಿಗಳೂ ಇದೇ ತಕ್ಕಡಿ ಹಿಡಿದು ಮಕ್ಕಳನ್ನು ತೂಗುತ್ತಿವೆ. ಹೊರಬಿದ್ದ ಮಗುವಿನ ಕಣ್ಣೀರನ್ನೂ ಜಾಹೀರಾತುಗಳ ನಡುವೆ ಮಾರುವ ಈ ವ್ಯಾಪಾರವನ್ನು ನಾವು ಕಲಾಸೇವೆಯೆನ್ನಬೇಕೇ? ಸೋತು ಬಂದ ಮಗುವಿಗೆ ನಾವು ಹೇಳಬೇಕಾದ್ದು ಇಷ್ಟೇ: ಸೋತದ್ದು ಸ್ಪರ್ಧೆಯಲ್ಲಿ, ಹಾಡಿನಲ್ಲಲ್ಲ.